ಅಲುಗಿದ್ದನ್ನು ನಾನೇ ನಿಲ್ಲಿಸಿದೆ

ಮಾರ್ಚ್ ೧೧, ಮಂಗಳವಾರ

ಎಂಥ ಕೆಲಸ ಮಾಡಿಕೊಂಡೆ! ತಂಗಿಯ ಎದೆಯ ಗಂಟನ್ನು ಇವತ್ತು ನಾನೇ ಸ್ಕ್ಯಾನ್ ಮಾಡಿದೆ. ಒಳಗೆ ನೂಲಿನಂಥದ್ದೇನೋ ತಾನಾಗಿಯೇ ಹೊರಳಾಡಿತು. ಆನೆಕಾಲು ರೋಗ ತರುವ ಜೀವಂತ ಹುಳ! ಹುಳವಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಆದರೆ ಅಭ್ಯಾಸಬಲದಿಂದ ಅಳತೆ ತೆಗೆಯಲು ಗುಂಡಿ ಒತ್ತಿ ಪರದೆಯ ಚಿತ್ರವನ್ನು ನಿಲ್ಲಿಸಿಬಿಟ್ಟೆ; ವಿಡಿಯೋ ತೆಗೆಯಲಿಲ್ಲ. ಮತ್ತೆ ನೋಡಿದರೆ ಅಲುಗಾಟವೇ ಇಲ್ಲ.

"ಚಿತ್ರದಲ್ಲಿ ಬರೀ ಗಂಟಿದೆ. ತಂಗಿ ಅಂತ ನಿಮಗೆ ಹಾಗೆ ಕಂಡಿರಬೇಕು. ನಾಳೆ ಕೊಯ್ದೇ ನೋಡೋಣ," ಎಂದರು ಸರ್ಜನ್. ಕೈಕಾಲು ಹಿಡಿದ ಮೇಲೆ, ಆಪರೇಷನ್‌ಗೆ ಮೊದಲು ತಮ್ಮೆದುರೇ ಇನ್ನೊಂದು ಸಲ ಸ್ಕ್ಯಾನ್ ಮಾಡಲು ಒಪ್ಪಿದ್ದಾರೆ.

"ನನ್ನೊಳಗೆ ಹುಳ ಇರ್ಲಿ ಅಂತ ಬೇಡ್ಕೋತಿದ್ದೀಯಲ್ಲ, ನೀನೆಂಥ ಅಕ್ಕನೇ!" ಎಂದು ತಂಗಿ ನಕ್ಕಳು. ನಗುತ್ತಲೇ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಹೌದು ಕಣೇ, ಬೇಡುತ್ತಿದ್ದೇನೆ. ಹುಳವೇ, ನಾಳೆ ಒಂದೇ ಒಂದು ಸಲ ಮಿಸುಕಾಡು. ನಾನು ಯಾವ ಗುಂಡಿಯನ್ನೂ ಮುಟ್ಟದೆ, ಉಸಿರೂ ಬಿಡದೆ ನೋಡುತ್ತಿರುತ್ತೇನೆ.