ಬಸವ್ವ ಓದಿದ ಕರಪತ್ರ

ಏಪ್ರಿಲ್ 6, 2004, ಮಂಗಳವಾರ

ಅಮೆರಿಕದ ರಾಕ್‌ವಿಲ್, ನಮ್ಮ ಹೆಂಗಸರ ಸಹಾಯ ಕೇಂದ್ರ. ಐದರಿಂದ ಎಂಟು ಹಾಟ್‌ಲೈನ್ ಡ್ಯೂಟಿ. ಮೂರು ಕಾಲ್, ಎರಡು ರಾಂಗ್ ನಂಬರ್. ಉಳಿದ ಹೊತ್ತು ಕರಪತ್ರ ಮಡಚಿದೆ — ಇಂಗ್ಲಿಷ್, ಹಿಂದಿ, ಉರ್ದು, ತಮಿಳು, ಸ್ಪ್ಯಾನಿಷ್. ಕನ್ನಡ ಇಲ್ಲ! ಹೊಡೆತ ತಿನ್ನುವವಳಿಗೆ "ತಪ್ಪು ನಿನ್ನದಲ್ಲ" ಅಂತ ಅವಳ ಭಾಷೆಯಲ್ಲೇ ಹೇಳಬೇಡವೇ?

ಡೈರೆಕ್ಟರ್ ಲೊರೇನ್ ಹತ್ತಿರ ಜಗಳ ಆಡಿದೆ. ಡರಮ್ ಊರಿನ ಕಪ್ಪು ಹೆಂಗಸು, ಮೂವತ್ತು ವರ್ಷದಿಂದ ಇದೇ ಕೆಲಸ. "ಕರಪತ್ರ ಹೋಗುವ ಮನೆಯಲ್ಲಿ ಅದನ್ನು ಇನ್ಯಾರು ಓದಬಲ್ಲರು? ಮೊದಲು ಕೇಳು" ಅಂದರು. ಪುಸ್ತಕಗಳಲ್ಲಿ ಓದಿಕೊಂಡದ್ದೆಲ್ಲ ಅವರಿಗೆ ಒಪ್ಪಿಸಿದೆ. "ನೋಡಮ್ಮ, ನೀನು ಓದಿದ್ದಕ್ಕಿಂತ ಹೆಚ್ಚು ಕರಪತ್ರ ನಾನು ಮಡಚಿದ್ದೇನೆ" ಅಂದರು. ಕೊನೆಗೆ — ಸರಿ, ಬರೆ.

ಏಪ್ರಿಲ್ 17, ಶನಿವಾರ

ಯುಗಾದಿ ಫಂಕ್ಷನ್. ಲೇಡೀಸ್ ರೆಸ್ಟ್‌ರೂಮಿನಲ್ಲಿ ಶ್ರೀಲತಾಗೆ ಕನ್ನಡ ಕರಪತ್ರ ಕೊಟ್ಟೆ, ಬಿಸಿಬಿಸಿ ಪ್ರಿಂಟ್. ಸ್ಟರ್ಲಿಂಗ್ ಊರಿನವಳು, ಗಂಡನನ್ನೇ ನೆಚ್ಚಿರಬೇಕಾದ ಡಿಪೆಂಡೆಂಟ್ ವೀಸಾ. ಪ್ರತಿ ಮಂಗಳವಾರ ಲೈಬ್ರರಿಯ ಪೇಫೋನಿಂದ ಹಾಟ್‌ಲೈನಿಗೆ, ನನಗೆ ಕಾಲ್ ಮಾಡುತ್ತಾಳೆ. ಪಾಸ್‌ಪೋರ್ಟ್ ಗಂಡ ಸುರೇಶನ ಬೀರುವಿನಲ್ಲಿ. ಮಣಿಕಟ್ಟಿನಲ್ಲಿ ಇನ್ನೂ ಊತ.

"ಇಂಗ್ಲಿಷಿಂದು ಇದೆಯಲ್ಲ, ಸಾಕು ಕಣೇ. ಊರಿಂದ ಅತ್ತೆ ಬಂದಿದ್ದಾರೆ."

"ನಿನ್ನ ಹಕ್ಕು ನಿನ್ನ ಭಾಷೆಯಲ್ಲಿ ಓದು" ಅಂದೆ. ಎಷ್ಟು ಹೆಮ್ಮೆ ನನಗೆ... ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಹೋದಳು.

ಏಪ್ರಿಲ್ 20

ಕಾಲ್ ಇಲ್ಲ.

ಏಪ್ರಿಲ್ 27

ಇಲ್ಲ.

ಏಪ್ರಿಲ್ 29, ಗುರುವಾರ

ಮಾಡಿದಳು. ನಲವತ್ತು ಸೆಕೆಂಡ್.

"ಅತ್ತೆ ಕೈಗೆ ಸಿಕ್ಕಿತು."

ಇಂಗ್ಲಿಷ್ ಕರಪತ್ರ ಎರಡು ತಿಂಗಳಿಂದ ಅಕ್ಕಿ ಡಬ್ಬದ ಕೆಳಗಿತ್ತಂತೆ. ಅತ್ತೆಗೆ ಅದು ಬರೀ ಕಾಗದ. ಕನ್ನಡದ್ದನ್ನು ಅಲ್ಲೇ ನಿಂತು ಓದಿದರಂತೆ.

"ಏನಂದರು?"

"ಏನೂ ಅನ್ನಲಿಲ್ಲ. ಅದೇ ಭಯ."

ಲೊರೇನ್‌ಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 4, ಮಂಗಳವಾರ, 5:40

ಫೋನಿನ ಪರದೆಯಲ್ಲಿ ಶ್ರೀಲತಾಳ ಮನೆಯ ನಂಬರ್. ಮುದುಕಿಯ ದನಿ.

"ಚೀಟಿ ಬರದಾಕಿ ನೀನ ಏನು? ನಾ ಬಸವ್ವ. ಶ್ರೀಲತಾನ ಅತ್ತಿ."

ರೂಲ್ ಇದೆ — ಯಾರೂ ಗೊತ್ತಿಲ್ಲ ಅನ್ನಬೇಕು. ಯಾವ ಶ್ರೀಲತಾನೂ ಗೊತ್ತಿಲ್ಲ ಅಂದೆ. ದನಿ ನಡುಗಿತು.

"ಸುಳ್ಳ ಹೇಳೂದಾದ್ರ ನೆಟ್ಟಗ ಹೇಳವಾ. ಏನ್ ಬರದೀ ಅದು, ಪಂಚಾಯ್ತಿ ನೋಟೀಸ್ ಇದ್ದಂಗ! ಹೊಡಿಯೋರು ಯಾರಂದ್ರ ಗಂಡ, ಅತ್ತಿ, ಮಾವ... ನನ್ನ ಕೈ ಆಕೀ ಮ್ಯಾಲ ಎದ್ದದ್ದು ನೋಡೀಯೇನು ನೀನು?"

ಮುಂದಿದ್ದ ಕರಪತ್ರದಲ್ಲಿ ಆ ಸಾಲು ಹುಡುಕಿದೆ.

"ನಾಡಿದ್ದು ಮೂರಕ್ಕ ಲೈಬ್ರರಿ ಕಡೆ ಬಾ. ಆಕೀನ ಕರ್ಕೊಂಡ ಬರ್ತೀನಿ. ಪಾಸ್‌ಪೋರ್ಟ್ ನನ್ನ ಹತ್ರ ಐತಿ."

ನಿಜವೇ? ಮಗ ಪಕ್ಕದಲ್ಲೇ ನಿಂತು ಹೇಳಿಸಿದ್ದೇ? ಲೊರೇನ್‌ಗೆ ಎಲ್ಲ ಹೇಳಿದೆ. ಹೋಗೋಣ, ನಾನೇ ಡ್ರೈವ್ ಮಾಡ್ತೀನಿ ಅಂದರು.

ಮೇ 6, ಗುರುವಾರ, 6:30

ಬಂದರು. ಇಬ್ಬರೇ, ನಡೆದುಕೊಂಡು. ಬಸವ್ವನ ಇಳಕಲ್ ಸೀರೆ ಕೆಳಗೆ ಬಿಳಿ ಸ್ನೀಕರ್ಸ್. ಪಾಸ್‌ಪೋರ್ಟ್ ನನ್ನ ಕೈಗೇ ಕೊಟ್ಟರು. ಶ್ರೀಲತಾ ಕಾರಿನಲ್ಲಿ ಕೂತು ಬಿಕ್ಕುತ್ತಿದ್ದಳು.

"ನೀವೂ ಬನ್ನಿ" ಅಂದೆ.

"ನಾನೂ ಹೋದ್ರ ಅಂವ ಈಗಿಂದೀಗ ಹುಡುಕಾಕ ಹೊಂಡತಾನ. ನಾ ಇದ್ರ ನನ್ನ ಕೂಡ ಜಗಳಾಡ್ಕೋತ ಕುಂಡರತಾನ. ಅಷ್ಟೊತ್ತಿಗೆ ನೀವು ದೂರ ಹೋಗಿರ್ತೀರಿ."

"ನಿಮಗೆ ಹೊಡೆದರೆ?"

"ಅವರಪ್ಪನ ಏಟು ತಿಂದ ಮೈ ಇದು." ಮನೆ ಕಡೆ ಹೊರಟರು.

ಲೊರೇನ್ ಇನ್ನೊಮ್ಮೆ ಕರೆದರು. ಇಂಗ್ಲಿಷಿನಲ್ಲೇ, ಕೈ ಮುಗಿದು. ಬಸವ್ವ ಒಪ್ಪಲಿಲ್ಲ.

ಶ್ರೀಲತಾ ನಮ್ಮ ಗುಟ್ಟಿನ ಆಶ್ರಯ ಮನೆ, ಸೇಫ್ ಹೌಸ್, ಸೇರಿದಳು. ಸುರೇಶ ಏಳಕ್ಕೆ ಮನೆಗೆ ಬರುತ್ತಾನೆ. ನಾನು ಇವತ್ತು ನನ್ನ ಮನೆಗೆ ಹೋಗುವುದಿಲ್ಲ, ಇಲ್ಲೇ ಹಾಟ್‌ಲೈನ್ ಫೋನಿನ ಹತ್ತಿರ.

7:20

ಅವರ ನಂಬರ್. ಹಲೋ ಅಂದೆ — ಉತ್ತರವಿಲ್ಲ. ಡಯಲ್ ಮಾಡಿ ಎಲ್ಲೋ ಇಟ್ಟಿದ್ದಾರೆ. ದೂರದಲ್ಲಿ ಸುರೇಶ: "ಎಲ್ಲಿಗೆ ಕಳಿಸೀದಿ?" ಬಸವ್ವ ಗಟ್ಟಿಯಾಗಿ, ನನಗೆ ಕೇಳಲಿ ಅಂತಲೇ: "ಹೇಳಂಗಿಲ್ಲ. ಕೈ ಕೆಳಗ ಇಳಸು."

ಲೊರೇನ್ ಇನ್ನೊಂದು ಲೈನಿನಲ್ಲಿ ಪೊಲೀಸರಿಗೆ ಅಡ್ರೆಸ್ ಹೇಳುತ್ತಿದ್ದಾರೆ. ರಿಸೀವರ್ ಕಿವಿಗೆ ಒತ್ತಿಕೊಂಡೇ ಬರೆಯುತ್ತಿದ್ದೇನೆ.

ಏನೋ ಬಿತ್ತು. ಈಗ ಸದ್ದಿಲ್ಲ.

ಬಸವ್ವ, ಒಂದು ಮಾತಾಡಿ. ಬೈಯಿರಿ, ಏನಾದರೂ —