ಪಡುವಣಕ್ಕೆ ಇಳಿಯುವ ನೀರು

ಮೂಡಲಗಿ
೩ ಜೂನ್ ೨೦೨೪

ತಮ್ಮಾ ಭೀಮರಾಯಾ,

ಹೇಗಿದ್ದೀ ಎಂದು ಕೇಳುವುದು ಅಕ್ಕನಾದವಳ ಕರ್ಮ, ಕೇಳುತ್ತಿದ್ದೇನೆ. ಕೊಡಲಿ ಎತ್ತಿದ ಆ ಬಲಗೈ ಸುಖವಾಗಿದೆಯೇನು? ಘಟ್ಟದ ಮೇಲೆ ಮಳೆ ಹಿಡಿದಿರಬೇಕು, ಕಂಬಳಿ ಒಣಗುವುದಿಲ್ಲ, ಕುರಿಗಳ ಗೊರಸು ಕೊಳೆಯುತ್ತವೆ. ಚಿಕ್ಕಂದಿನಿಂದಲೂ ಥಂಡಿ ಹತ್ತಿದರೆ ನಿನಗೆ ಎದೆ ಕಟ್ಟುತ್ತದೆ. ಬಿಸಿನೀರು ಕುಡಿ. ಸಿಟ್ಟು ನೆತ್ತಿಗೇರಿದ್ದರೂ ಈ ಮಾತು ತಾನಾಗಿ ಬರುತ್ತದೆ, ಏನು ಮಾಡಲಿ.

ನಿನ್ನ ಮಾಮಾ ಹೋದರು. ನನ್ನ ಗಂಡ ಸಿದ್ರಾಯ ಎಂದು ಹೆಸರು ಹಿಡಿದೇ ಬರೆಯುತ್ತೇನೆ, ಇನ್ನು ಯಾರಿಗೆ ನಾಚಲಿ. ಘಟಪ್ರಭಾದ ದವಾಖಾನೆಯಲ್ಲಿ ಕಣ್ಣು ತೆರೆಯಲೇ ಇಲ್ಲ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದಾಗ ನೋಡಿದೆ, ಕಿವಿಯ ಮೇಲಿನ ಎಲುಬು ಒಳಗೆ ಕುಸಿದಿತ್ತು. ಕೊಡಲಿಯ ಹಿಂಬದಿಯಿಂದ ಹೊಡೆದೆಯಂತೆ. ಒಂದು ಏಟಲ್ಲ, ನೆಲಕ್ಕೆ ಬಿದ್ದ ಮೇಲೆ ಇನ್ನೊಂದು. ಆ ಎರಡನೆಯದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಜೊತೆಗಿದ್ದ ಲಕ್ಷ್ಮಣ ಕಾಕಾ ನಿನ್ನ ಸೊಂಟ ಹಿಡಿದು ಎಳೆಯದಿದ್ದರೆ ಮೂರನೆಯದೂ ಬೀಳುತ್ತಿತ್ತಂತೆ.

ಹಿಂಡಿನ ದಾರಿ ತಪ್ಪಿಸಿದ ತಪ್ಪು ನಿನ್ನ ಮಾಮಾನದೇ, ಇಲ್ಲ ಅನ್ನುವುದಿಲ್ಲ. ಆದರೆ ಆ ತಪ್ಪು ಕಲಿಸಿದವನು ನಮ್ಮ ಅಪ್ಪ. ಮಂಜು ಮುಸುಕಿ ದಾರಿ ಕಾಣದಿದ್ದರೆ "ನೀರಿನ ಸಂಗಾಟ ನಡೀರಿ, ಮನಿ ಮುಟ್ಟತೀರಿ" ಎಂದು ಅಳಿಯನಿಗೆ ಹೇಳಿಕೊಟ್ಟಿದ್ದು ನನ್ನ ಮುಂದೆಯೇ. ಘಟ್ಟದ ಈಚೆಗೆ ಬಿದ್ದ ಹನಿ ನಿಧಾನವಾಗಿ ಇಳಿಜಾರು ಹಿಡಿದು ಹಿರಣ್ಯಕೇಶಿಯನ್ನೋ ಘಟಪ್ರಭೆಯನ್ನೋ ಸೇರಿ ನಮ್ಮ ಕಡೆಗೇ ಬರುತ್ತದೆ. ನೆತ್ತಿಯಿಂದ ನಾಲ್ಕು ಮಾರು ಆಚೆ ಬಿದ್ದದ್ದು ಮಾತ್ರ ಪಡುವಣಕ್ಕೆ ಹೊರಳಿ, ಗೋಡೆಯಂಥ ದರಿಯಿಂದ ಧುಮುಕಿ, ಕೊಂಕಣದ ಸಮುದ್ರಕ್ಕೆ ಹೋಗುತ್ತದೆ. ಅದನ್ನು ಅಪ್ಪ ಹೇಳಲಿಲ್ಲ. ಹುಕ್ಕೇರಿಯ ನಮ್ಮ ಮನೆತನ ತಲೆಮಾರಿನಿಂದ ಕುರಿ ಹೊಡೆದುಕೊಂಡು ಘಟ್ಟ ಹತ್ತಿದ್ದು, ನಮ್ಮವರಿಗೆ ಅದು ಕಾಲಿಗೇ ಗೊತ್ತು. ಮೂಡಲಗಿಯ ಕಬ್ಬಿನ ಹೊಲದಲ್ಲಿ ಬೆಳೆದವರಿಗೆ ಹೇಗೆ ಗೊತ್ತಾಗಬೇಕು? ಆಳು ಕಡಿಮೆ ಎಂದು ಅವರನ್ನು ಮೊದಲ ಸಲ ಕರೆದುಕೊಂಡು ಹೋದವನು ನೀನೇ. ಮಂಜಿನಲ್ಲಿ ಹಳ್ಳದ ಸಪ್ಪಳ ಕೇಳಿತು, ಅಪ್ಪನ ಮಾತು ನಂಬಿ ಅದರ ಜೊತೆ ನಡೆದರು. ಮುಂದಿನ ಟಗರು ದರಿಗೆ ಬಿತ್ತು, ಹಿಂದಿನವು ಅದರ ಬೆನ್ನಿಗೇ ಬಿದ್ದವು. ಕಲ್ಲಿಗೆ ಬಡಿದು ಹೊಟ್ಟೆ ಒಡೆದ ಕುರಿಗಳ ಅರಚಾಟ ಮೇಲಿನ ತನಕ ಕೇಳುತ್ತಿತ್ತು ಎಂದು ಕಾಕಾ ಹೇಳಿದರು. ಮಕ್ಕಳಂತೆ ಸಾಕಿದ ಹಿಂಡು, ನಿನ್ನ ಕರುಳು ಕಿತ್ತು ಬಂದಿರಬೇಕು. ಅದಕ್ಕೆ ನನ್ನ ಕರುಳು ಕಿತ್ತೆಯೇನೋ, ಪಾಪಿ?

ಇರಲಿ. ನನ್ನ ಮೈದುನ ಶಿವಾನಂದ ಇಲ್ಲೇ ಬಾಜೂಕ್ಕೆ ಕುಳಿತಿದ್ದಾನೆ. ಪೊಲೀಸರಿಗೆ ಕಾಲು ಜಾರಿ ಬಿದ್ದರು ಎಂದೇ ಬರೆಸಿದ್ದೇವೆ. "ಆಗಿದ್ದು ಆಗಿ ಹೋತು, ಹುಡುಗ ಮನಿಗೆ ಬರಲಿ, ಯಾರೂ ಏನೂ ಮಾಡಂಗಿಲ್ಲ" ಎನ್ನುತ್ತಾನೆ. ಉಳಿದ ಕುರಿ ಹೊಡೆದುಕೊಂಡು, ಹಿರಣ್ಯಕೇಶಿಯ ದಂಡೆ ಹಿಡಿದು ಸಂಕೇಶ್ವರಕ್ಕೆ ಬಾ. ಸೇತುವೆಯ ಹತ್ತಿರ ಮನೆಯವರು ನಿನ್ನ ದಾರಿ ಕಾಯುತ್ತಾರೆ. ನೀನಿರುವಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ಕಾಕಾನ ಕೈಯಲ್ಲಿ ಈ ಪತ್ರ, ಜೋಳದ ಹಿಟ್ಟು ಕಳಿಸಿದ್ದೇನೆ. ಅವ್ವ ಊಟ ಬಿಟ್ಟಿದ್ದಾಳೆ. ಅಳಿಯನಿಗಾಗಿ ಅಳುತ್ತಾಳೋ ನಿನಗಾಗಿಯೋ ಕೇಳಲು ನನಗೆ ಧೈರ್ಯವಿಲ್ಲ.

ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಅನ್ನಪೂರ್ಣಾ

ತಾ.ಕ.: ಶಿವಾನಂದ ಫೋನು ಬಂತೆಂದು ಅಂಗಳಕ್ಕೆ ಎದ್ದು ಹೋಗಿದ್ದಾನೆ. ಬರಬೇಡ. ಬಾ ಎಂದದ್ದು ಅವನು ಬರೆಸಿದ ಮಾತು, ಸಿಟ್ಟು ಮಾತ್ರ ನನ್ನದು. ಸೇತುವೆಯ ಹತ್ತಿರ ಕಾಯುವವರ ಕೈಯಲ್ಲಿ ಮಚ್ಚುಗಳಿರುತ್ತವೆ. ಮೊದಲು ಆ ಬಲಗೈ, ಆಮೇಲೆ ತಲೆ ಎಂದು ನನ್ನ ಅಡಿಗೆಮನೆಯಲ್ಲೇ ಕುಳಿತು ಮಾತಾಡಿಕೊಂಡರು, ಚಹಾ ಕೊಟ್ಟವಳು ನಾನೇ. ನಿನ್ನನ್ನು ಕ್ಷಮಿಸಿಲ್ಲ. ನಿನ್ನ ಮುಖ ನೋಡಲಾರೆ. ಆದರೆ ಅವ್ವನ ಮುಂದೆ ಇನ್ನೊಂದು ಹೆಣ ಇಳಿಸುವುದು ನನ್ನಿಂದಾಗದು. ಕುರಿಗಳನ್ನು ಕಾಕಾನಿಗೆ ಒಪ್ಪಿಸು. ನಮ್ಮ ಕಡೆಗೆ ಬರುವ ಯಾವ ನೀರಿನ ಜೊತೆಗೂ ನಡೆಯಬೇಡ. ನಿನ್ನ ಮಾಮಾ ಹಿಡಿದಿದ್ದ ಆ ಹಳ್ಳವನ್ನೇ ಹಿಡಿದು, ಮಂಜು ಸರಿದ ಮೇಲೆ, ಕಾಲು ನೋಡಿಕೊಂಡು, ಆಚೆಗೆ ಇಳಿದು ಹೋಗು.