ಕಾಕಾ ಟಿವಿ ಹಚ್ಚೂದರಾಗ

ಸಂಗಣ್ಣಾ,

ಫೋನ್ ಮನ್ಯಾಗ ಬಿಟ್ಟು ಹೊಲಕ್ಕ ಹೋಗೀದಿ, ಅದಕ್ಕ ಚೀಟಿ ಬರದೀನಿ. ಓದಿದ ಕೂಡ್ಲೆ ಖೋಲಿ ಕೀಲಿ ತಗದು ನಿನ್ನ ಸರ್ವರ್ ಬಂದ್ ಮಾಡು. ಚಹಾ ಆಮ್ಯಾಲೆ ಕುಡಿ.

ನನ್ನ ಫೋನ್ ತುಂಬೇತಿ ಅಂದಿದ್ದಕ್ಕ ವಿಡಿಯೋ ಎಲ್ಲಾ ತಾವ ಸರ್ವರಿಗೆ ಹೋಗೂಹಂಗ ಮಾಡಿಕೊಟ್ಟಿದ್ದಿ. ಅವು ನೀ ನೆಟ್ ಮ್ಯಾಲೆ ಮಂದಿ ಟಿವಿಗೆಲ್ಲಾ ಹಂಚಿದ ಸಿನಿಮಾದ ಜೋಡಿ ಹೋಗಿ ಕುಂತಾವ! ಸಂಶಿಯಿಂದ ಕಸ್ತೂರೆವ್ವ ಕಾಕು ಫೋನ್ ಮಾಡಿದ್ಲು. “ನಮ್ಮ ಟಿವ್ಯಾಗ ನಿನ್ನ ಹೆಸರಿಂದು ಹೊಸಾ ವಿಡಿಯೋ ಬಂದೈತಿ ನೋಡವಾ. ನಿಮ್ಮ ಕಾಕಾ ಬರಲಿ, ಕೂಡೇ ನೋಡತೀವಿ” ಅಂದ್ಲು.

ಅದು ರಜಿಸ್ಟರ್ ಆಫೀಸಿನ್ಯಾಗ ಆದ ನನ್ನ ಲಗ್ನದ್ದು. ನಾನೂ ಭೀಮಶಿನೂ ಮಾಲಿ ಹಾಕ್ಕೊಂಡಿದ್ದು. ನಿನಗೂ ಹೇಳಿರಲಿಲ್ಲ. ಭೀಮಶಿ ಯಾವ ಓಣ್ಯಾಂವ ಅಂತ ನಿನಗ ಗೊತ್ತೈತಿ. ಕಾಕಾ ಅವನ್ನ ಉಳಸಂಗಿಲ್ಲ.

ಮೇನ್ ಸ್ವಿಚ್ ತಗದು ನೋಡಿದೆ. ನಿನ್ನ ಇನ್ವರ್ಟರ್ ಮ್ಯಾಲೆ ಅದು ಒಳಗ ಗುಂಯ್ ಅಂತ ನಡದೇ ಐತಿ. ಖೋಲಿ ಕೀಲಿಕೈ ನೋಡಿದ್ರ ನಿನ್ನ ಕಡೆ ಐತಿ. ಕಾಕಾನ್ಕಿಂತ ಮುಂಚೆ ಮುಟ್ಟಬೇಕಂತ ಸಂಶಿ ಬಸ್ಸಿಗೆ ಹೊಂಟೀನಿ.

ಬಂದ್ ಮಾಡಿ ಫೋನ್ ಮಾಡು. ಬೈಯಾಕರ ಮಾಡು, ಆದ್ರ ಮಾಡು. ನಿನ್ನ ಫೋನ್ ಬರಲಿಲ್ಲಂದ್ರ ನೀನೂ ಕಾಕಾನ ಕಡೆ ಅಂತ ತಿಳಕೊಂಡು, ಸಂಶ್ಯಾಗ ಬಸ್ ಇಳಿಯಂಗಿಲ್ಲ ನಾ, ಹಂಗ ಮುಂದ ಭೀಮಶಿ ಕಡೆ ಹೋಗತೀನಿ.

ನಿನ್ನ ತಂಗಿ ನೇತ್ರಾ